ಎದುರಿನ ಸೈಟಿಗೆ ಕಲ್ಯಾಣಮಂಟಪ ಬರುತ್ತಂತೆ!

ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದು ಬೋರಲು ಹಾಕಿ, ಸ್ವಲ್ಪ ಹೊತ್ತು ಅಡ್ಡಾಗೋಣವೆಂದು ಚಾಪೆ ಬಿಡಿಸುತ್ತೀರಿ. ಆಗಲೇ ಎದುರಿನ ಖಾಲಿ ನಿವೇಶನದಲ್ಲಿ ದಡದಡನೆ ಸದ್ದು. ಕಿಟಕಿಯಿಂದ ಇಣುಕಿದರೆ ಲಾರಿಯೊಂದು ಕಲ್ಲು ಸುರಿಯುತ್ತಿದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದಲೇ ಕೂಗುತ್ತಾರೆ: "ಗೊತ್ತಾಯ್ತೇನ್ರೀ? ಇಲ್ಲಿ ಕಲ್ಯಾಣಮಂಟಪ ಬರುತ್ತಂತೆ!"

ಅಂದಿನಿಂದ ಬೀದಿಯಲ್ಲಿ ಬೇರೆ ಮಾತೇ ಇಲ್ಲ. ಮಕ್ಕಳು ಇನ್ನು ಆಡುವುದೆಲ್ಲಿ? ಮದುವೆ ಕಾಲದಲ್ಲಿ ಬ್ಯಾಂಡು, ಪಟಾಕಿ, ಬೆಳಗಿನ ಜಾವದ ವಾಲಗ. ಎಂಜಲೆಲೆ ಎಲ್ಲಿ ಹಾಕುತ್ತಾರೆ? ನಮ್ಮ ಗೇಟಿನ ಮುಂದೆ ಕಾರು ನಿಲ್ಲಿಸಿ ಹೋದರೆ ಯಾರನ್ನು ಕೇಳೋಣ? ಗಂಡಸರು ಸಂಜೆ ಜಗಲಿಯ ಮೇಲೆ ಕೂತು "ಏನಾದರೂ ಮಾಡಬೇಕಲ್ಲ" ಅನ್ನುತ್ತಾರೆ. ಮರುದಿನವೂ ಅದೇ ಜಗಲಿ, ಅದೇ ಮಾತು. ಅಷ್ಟರಲ್ಲಿ ಪಾಯ ಎದ್ದಿರುತ್ತದೆ.

ನಿಜ ಹೇಳಬೇಕೆಂದರೆ, ಕಲ್ಲು ಬಿದ್ದ ದಿನಕ್ಕಾಗಲೇ ಅರ್ಧಕ್ಕಿಂತ ಹೆಚ್ಚು ತೀರ್ಮಾನ ಮುಗಿದಿರುತ್ತದೆ. ಎಲ್ಲಿ ಮುಗಿಯಿತು, ಯಾವಾಗ ಮುಗಿಯಿತು, ನಮ್ಮನ್ನು ಯಾರಾದರೂ ಕೇಳಿದರೆ? ಕೇಳಿದ್ದಾರೆ, ಸೋದರಿಯರೆ. ಕೇಳಿರುವುದು ನಮಗೆ ಗೊತ್ತಾಗಿಲ್ಲ, ಅಷ್ಟೆ.

ಬಣ್ಣ ಬಳಿದ ನಕಾಶೆ

ಊರು ಬೆಳೆಯುವಾಗ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಶಾಲೆ ಎಂದು ಮೊದಲೇ ಗೊತ್ತುಮಾಡಬೇಕೆಂದು ನಮ್ಮ ರಾಜ್ಯದಲ್ಲಿ 1961ರಲ್ಲೇ ಒಂದು ಕಾನೂನು ಬಂತು. ಆಗಿನ್ನೂ ಮೈಸೂರು ರಾಜ್ಯ. ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ ಎಂದು ಇದರ ಹೆಸರು. ಇದರಂತೆ ಊರಿಗೊಂದು ಯೋಜನಾ ಪ್ರಾಧಿಕಾರ, ಅದು ತಯಾರಿಸುವ ಒಂದು ಮಹಾಯೋಜನೆ. ಮಾಸ್ಟರ್ ಪ್ಲಾನ್ ಎಂದೇ ಎಲ್ಲರೂ ಕರೆಯುವುದು. ದೊಡ್ಡ ಊರುಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಈ ಕೆಲಸ ಮಾಡುತ್ತದೆ. ಸಣ್ಣ ಊರಿನಲ್ಲಿ ಸ್ಥಳೀಯ ಯೋಜನಾ ಪ್ರಾಧಿಕಾರವಿರಬಹುದು, ಇಲ್ಲವೇ ಪುರಸಭೆಯೇ ನೋಡಿಕೊಳ್ಳಬಹುದು. ಯೋಜನೆಯೇ ಆಗಿರದ ಊರುಗಳೂ ಇವೆ. ಅಂಥ ಕಡೆ ಪುರಸಭೆ ಕೊಡುವ ಕಟ್ಟಡ ಪರವಾನಗಿ ಮತ್ತು ಉದ್ದಿಮೆ ಪರವಾನಗಿಗಳ ಮೇಲೇ ಕಣ್ಣಿಡಬೇಕು.

ಈ ಯೋಜನೆಯ ನಕಾಶೆಯನ್ನು ಒಮ್ಮೆ ನೋಡಬೇಕು. ರಂಗೋಲಿಗೆ ಬಣ್ಣ ತುಂಬಿದ ಹಾಗಿರುತ್ತದೆ. ವಾಸದ ಮನೆಗಳ ಜಾಗಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆ ಕಚೇರಿಗಳಿಗೆ ಕೆಂಪು, ಉದ್ಯಾನಕ್ಕೂ ಆಟದ ಬಯಲಿಗೂ ಹಸಿರು. ನಿಮ್ಮ ಮನೆ ಇರುವ ಬೀದಿ ಯಾವ ಬಣ್ಣದಲ್ಲಿದೆ? ಎದುರಿನ ಖಾಲಿ ಸೈಟು? ಹೊಸ ಸೀರೆ ಕೊಳ್ಳುವಾಗ ಬಣ್ಣ ಹೋಗುತ್ತದೋ ಇಲ್ಲವೋ ಎಂದು ಹತ್ತು ಸಲ ಕೇಳುವ ನಾವು, ಲಕ್ಷಾಂತರ ರೂಪಾಯಿ ಸಾಲ ಮಾಡಿ ಕಟ್ಟಿಸಿದ ಮನೆಯ ಸುತ್ತಲಿನ ಬಣ್ಣ ಕೇಳುವುದೇ ಇಲ್ಲ!

ಬಣ್ಣದ ಜೊತೆಗೆ ನಿಯಮಗಳ ಪುಸ್ತಕವೂ ಒಂದಿದೆ, ವಲಯ ನಿಯಮಾವಳಿ ಎಂದು. ಹಳದಿ ಜಾಗದಲ್ಲಿ ಮನೆಯಷ್ಟೇ ಇರಬೇಕೆಂದು ಅದು ಹಟ ಹಿಡಿಯುವುದಿಲ್ಲ. ಕೆಲವು ಕೆಲಸಗಳಿಗೆ ನೇರ ಅವಕಾಶ, ಕೆಲವಕ್ಕೆ ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರದ ಒಪ್ಪಿಗೆಯ ಮೇಲೆ ಅವಕಾಶ, ಉಳಿದವಕ್ಕೆ ಇಲ್ಲ. ರಸ್ತೆ ಎಷ್ಟು ಅಗಲವಿರಬೇಕು, ಕಟ್ಟಡದ ಸುತ್ತ ಎಷ್ಟು ಜಾಗ ಬಿಡಬೇಕು, ಬರುವ ವಾಹನಗಳಿಗೆ ತಮ್ಮ ನಿವೇಶನದ ಒಳಗೇ ಎಷ್ಟು ಸ್ಥಳ ಕೊಡಬೇಕು ಎಂಬುದೆಲ್ಲ ಇದರಲ್ಲಿರುತ್ತದೆ. ಅಳತೆಗಳು ಊರಿಂದೂರಿಗೆ ಬೇರೆ. ಆದ್ದರಿಂದ ನಿಮ್ಮ ಊರಿನ ಪುಸ್ತಕವನ್ನೇ ನೋಡಬೇಕು. ಪಕ್ಕದೂರಿನಲ್ಲಿ ನಾದಿನಿ ಹೇಳಿದ್ದು ಇಲ್ಲಿ ನಡೆಯಲಾರದು.

ಡಬ್ಬಿಯ ಕೆಳಗೆ ಹಾಸಿದ ಪೇಪರು

ಮಹಾಯೋಜನೆಯನ್ನು ಮಾಡುವಾಗಲೂ ಅದನ್ನು ಜನರ ಮುಂದಿಡಬೇಕು. ಪ್ರಕಟವಾದ 60 ದಿನಗಳ ಒಳಗೆ ಯಾರು ಬೇಕಾದರೂ ಬರೆದು ಅಭಿಪ್ರಾಯ ತಿಳಿಸಬಹುದು. ಮುಂದೆ ಯಾವನಾದರೂ ಒಬ್ಬ ಹಳದಿ ಜಾಗವನ್ನು ನೀಲಿ ಮಾಡಿಕೊಡಿ ಎಂದು ಅರ್ಜಿ ಹಾಕಿದನೆನ್ನಿ. ಭೂ ಉಪಯೋಗದ ಬದಲಾವಣೆ ಎನ್ನುತ್ತಾರೆ ಇದಕ್ಕೆ. ಕಾನೂನಿನ 14-ಎ ಕಲಮಿನಂತೆ ಬದಲಾವಣೆ ಸಾರ್ವಜನಿಕ ಹಿತಕ್ಕೆ ತಕ್ಕುದಾಗಿರಬೇಕು, ಅದಕ್ಕೆ ಸರಕಾರದ ಪೂರ್ವಾನುಮತಿ ಬೇಕು, ಮತ್ತು ಆ ಪ್ರಸ್ತಾಪವನ್ನು ನಿಮ್ಮ ಕಡೆ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು.

ಕೇಳಿದ್ದಾರೆ ಅಂದೆನಲ್ಲ, ಇದೇ ಅದು. ಒಳಪುಟದ ಮೂಲೆಯಲ್ಲಿ, ಟೆಂಡರುಗಳ ನಡುವೆ, ಇರುವೆಗಾತ್ರದ ಅಕ್ಷರದಲ್ಲಿ: ಇಂಥ ಗ್ರಾಮದ ಇಂಥ ಸರ್ವೆ ನಂಬರು, ಇಷ್ಟು ಗುಂಟೆ, ವಾಸದಿಂದ ವಾಣಿಜ್ಯಕ್ಕೆ, ಆಕ್ಷೇಪಣೆ ಇದ್ದಲ್ಲಿ ಸಾಮಾನ್ಯವಾಗಿ 15 ದಿನಗಳೊಳಗೆ ತಿಳಿಸುವುದು. ಆ ಸರ್ವೆ ನಂಬರೆಂದರೆ ನಮ್ಮೆದುರಿನ ಸೈಟು ಎಂದು ಯಾರಿಗೆ ಗೊತ್ತು? ಯಜಮಾನರು ಮೊದಲ ಪುಟ ಓದಿದರು, ಮಗ ಕ್ರಿಕೆಟ್ ನೋಡಿದ, ವಾರದ ಮೇಲೆ ಅದೇ ಪೇಪರನ್ನು ನಾವು ಬೇಳೆ ಡಬ್ಬಿಗಳ ಕೆಳಗೆ ಹಾಸಿದೆವು. ಹದಿನೈದು ದಿನ ಅಲ್ಲೇ ಕಳೆಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇಂಥದಕ್ಕೇ.

ಆದ್ದರಿಂದ ಒಂದು ಕೆಲಸ ಮಾಡಿ. ನಿಮ್ಮ ಮನೆ ಪತ್ರವನ್ನು ಟ್ರಂಕಿನಿಂದ ತೆಗೆದು ಸರ್ವೆ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಕ್ಕಪಕ್ಕದ ಖಾಲಿ ಜಾಗಗಳ ನಂಬರನ್ನೂ ವಿಚಾರಿಸಿ ಸೇರಿಸಿ. ಆ ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಅಂಟಿಸಿ. ಪೇಪರು ಡಬ್ಬಿಯ ಕೆಳಗೆ ಹೋಗುವ ಮುನ್ನ ಒಳಪುಟದ ಪ್ರಕಟಣೆಗಳ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಎರಡು ನಿಮಿಷದ ಕೆಲಸ.

ಮಾಹಿತಿ ಹಕ್ಕು ಇದೆಯಲ್ಲ, ಅರ್ಜಿ ಹಾಕಿ ಕೇಳಿದರಾಯಿತು ಎಂದು ಮನೆಯಲ್ಲಿ ಯಾರಾದರೂ ಹೇಳಿಯಾರು. 2005ರ ಆ ಕಾನೂನು ಒಳ್ಳೆಯದೇ, ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಆದರೆ ಉತ್ತರ ಕೊಡಲು ಅವರಿಗೆ 30 ದಿನ ಸಮಯವಿದೆ. ನಿಮ್ಮ ಕೈಯಲ್ಲಿರುವುದು ಹದಿನೈದು! ಮೊದಲು ಕಚೇರಿಗೆ ನೇರ ಹೋಗಿ ನಕಾಶೆ, ಅರ್ಜಿ ನೋಡಬೇಕೆಂದು ಕೇಳಿ, ಆಕ್ಷೇಪಣೆ ಬರೆದು ಕೊಟ್ಟು ಬನ್ನಿ. ಮಾಹಿತಿಯ ಅರ್ಜಿ ಅದರ ಹಿಂದೆ ಹೋಗಲಿ.

ಸ್ಯಾಂಕಿ ಕೆರೆಯ ಹತ್ತಿರದ ಜಾಗ

"ನಾವು ಬರೆದರೆ ಯಾರು ಕೇಳ್ತಾರೆ? ದೊಡ್ಡವರ ಕೈ ಇರುತ್ತೆ" ಎನ್ನುವುದು ಎಲ್ಲ ಬೀದಿಗಳಲ್ಲೂ ಕೇಳುವ ಮಾತು. ಅದಕ್ಕೆ ಬೆಂಗಳೂರಿನದೇ ಒಂದು ಸಂಗತಿ ಹೇಳುತ್ತೇನೆ.

ಸ್ಯಾಂಕಿ ಕೆರೆಯ ಹತ್ತಿರ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಒಂದು ಬಯಲು ಜಾಗವಿತ್ತು. ಬಡಾವಣೆ ಮಾಡುವಾಗಲೇ ಉದ್ಯಾನಕ್ಕೆಂದು ಬಿಟ್ಟದ್ದು. ಆ ಜಾಗವನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಕೊಡಲು ಸರಕಾರವೇ ಆದೇಶ ಮಾಡಿತು. ಅಭಿವೃದ್ಧಿ ಪ್ರಾಧಿಕಾರ ಹಂಚಿಕೆ ಮಾಡಿತು. ಯೋಚಿಸಿ ನೋಡಿ, ಬರುವುದು ಬ್ರಾಂದಿ ಅಂಗಡಿಯಲ್ಲ, ಆಸ್ಪತ್ರೆ. ಅದನ್ನು ಬೇಡವೆನ್ನಲು ಬಾಯಿ ಬರುತ್ತದೆಯೆ? ಆದರೂ ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಮೊದಲ ಸುತ್ತಿನಲ್ಲಿ ಸೋತರು. ಅದೇ ಹೈಕೋರ್ಟಿನ ವಿಭಾಗೀಯ ಪೀಠದ ಮುಂದೆ ಗೆದ್ದರು. ಟ್ರಸ್ಟಿನವರು ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಅಲ್ಲಿಯೂ ನಿವಾಸಿಗಳ ಪರವಾಗಿಯೇ ತೀರ್ಪಾಯಿತು.

ಆ ತೀರ್ಪಿನಲ್ಲಿ ನಮಗೆ ಬೇಕಾದ ಎರಡು ಮಾತುಗಳಿವೆ. ಜನರೆಲ್ಲರ ಗಾಳಿ ಬೆಳಕಿಗೆಂದು ಬಿಟ್ಟ ಉದ್ಯಾನಕ್ಕೆ ಖಾಸಗಿ ನರ್ಸಿಂಗ್ ಹೋಮು ಬದಲಿಯಾಗಲಾರದು. ಎರಡೂ ಬೇಕಾದವೇ ಆದರೂ ಒಂದನ್ನು ಕಿತ್ತು ಇನ್ನೊಂದನ್ನು ಇಡುವಂತಿಲ್ಲ. ಇನ್ನೊಂದು ಮಾತು ನನಗೆ ಇನ್ನೂ ಮುಖ್ಯವಾಗಿ ಕಂಡದ್ದು. "ಇದನ್ನು ಕೇಳಲು ನೀವು ಯಾರು?" ಎಂದು ನಿವಾಸಿಗಳನ್ನು ಹೊರಗೆ ಕಳಿಸುವಂತಿಲ್ಲ ಎಂದಿತು ಕೋರ್ಟು. ಅಲ್ಲಿ ವಾಸಿಸುವವರೇ ತೊಂದರೆಗೆ ಒಳಗಾಗುವವರು, ಅವರಿಗೆ ಕೇಳುವ ಹಕ್ಕಿದೆ. ಮನೆ ಸ್ವಂತದ್ದಾಗಿರಲಿ, ಬಾಡಿಗೆಯದಾಗಿರಲಿ, ತೊಂದರೆ ಅನುಭವಿಸುವವರ ಮಾತಿಗೆ ಬೆಲೆ ಉಂಟು.

ಆದರೆ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆಯುವುದು ಎಲ್ಲರಿಂದ ಆಗುವ ಕೆಲಸವೆ? ಅದಕ್ಕೇ ಆ ಹದಿನೈದು ದಿನದ ಮೇಲೆ ನಾನು ಇಷ್ಟು ಒತ್ತು ಕೊಡುತ್ತಿರುವುದು.

ಬರೆಯುವುದು ಏನನ್ನು?

"ನಮಗೆ ತೊಂದರೆಯಾಗುತ್ತದೆ, ಆದ್ದರಿಂದ ಅನುಮತಿ ಕೊಡಬಾರದು" ಎಂದು ಒಂದು ಸಾಲು ಗೀಚಿ ಮೂವತ್ತು ಸಹಿ ಹಾಕಿಸಿ ಕೊಡುವುದು ವಾಡಿಕೆ. ಅಂಥ ಅರ್ಜಿ ಕಡತದಲ್ಲಿ ಹೋಗಿ ಮಲಗುತ್ತದೆ. ಓದಿದ ಅಧಿಕಾರಿಗೆ ಅದರಿಂದ ತಿಳಿಯುವುದೇನೂ ಇಲ್ಲ.

ಇಲ್ಲಿಯೇ ಗೃಹಿಣಿಯ ಕೆಲಸ ಶುರುವಾಗುವುದು. ಗಂಡಸರು ಬೆಳಿಗ್ಗೆ ಹೋದರೆ ಸಂಜೆ ಬರುವವರು. ಬೀದಿಯನ್ನು ಇಡೀ ದಿನ ನೋಡುವವರು ನೀವು. ನಲ್ಲಿಯಲ್ಲಿ ನೀರು ಯಾವ ದಿನ, ಎಷ್ಟು ಹೊತ್ತು ಬರುತ್ತದೆ. ಶಾಲೆಯ ಮಕ್ಕಳು ಎಷ್ಟು ಗಂಟೆಗೆ ಈ ದಾರಿಯಲ್ಲಿ ಬರುತ್ತಾರೆ. ಗ್ಯಾಸಿನ ಗಾಡಿ ಒಳಗೆ ಬಂದರೆ ಇನ್ನೊಂದು ವಾಹನ ಹೋಗಲು ಜಾಗವಿರುತ್ತದೆಯೇ. ಮಳೆ ಬಂದಾಗ ಚರಂಡಿ ಎಲ್ಲಿ ಉಕ್ಕುತ್ತದೆ. ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ. ಇವೆಲ್ಲ ನಿಮಗೆ ಬಾಯಿಪಾಠ. ಆಕ್ಷೇಪಣೆಯಲ್ಲಿ ಬರಬೇಕಾದ ಸರಕು ಇದೇ.

ಒಂದು ಟೇಪು ತೆಗೆದುಕೊಂಡು ರಸ್ತೆಯ ಅಗಲ ಅಳೆಯಿರಿ. ಮನೆ ಹೊಲಿಗೆ ಮಾಡುವವರ ಹತ್ತಿರ ಟೇಪಿಗೇನು ಬರವೆ? ನಿಯಮದಲ್ಲಿ ಕೇಳಿದ ಅಗಲ ಇಲ್ಲದಿದ್ದರೆ ಅದೊಂದೇ ಸಾಕು ಪ್ರಸ್ತಾಪವನ್ನು ನಿಲ್ಲಿಸಲು. ಮಂಟಪಕ್ಕೆ ಮುನ್ನೂರು ಜನ ಬಂದರೆ ವಾಹನ ಎಲ್ಲಿ ನಿಲ್ಲುತ್ತವೆ, ಅಡಿಗೆಯ ನೀರು ಯಾವ ಚರಂಡಿಗೆ ಬೀಳುತ್ತದೆ, ಜನರೇಟರು ಯಾರ ಕಿಟಕಿಯ ಕೆಳಗೆ ಬರುತ್ತದೆ, ಎಲೆ ಸಾಗಿಸುವ ಏರ್ಪಾಡೇನು ಎಂದು ಒಂದೊಂದನ್ನೂ ಪ್ರಶ್ನೆಯಾಗಿ ಬರೆಯಿರಿ. ಕಾಗದದ ಮೇಲೆ ಸರ್ವೆ ನಂಬರು, ಪ್ರಕಟಣೆಯ ದಿನಾಂಕ, ನಿಮ್ಮ ಹೆಸರು ವಿಳಾಸ ಇರಲಿ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಂಡೇ ಎದ್ದು ಬನ್ನಿ. "ಇಟ್ಟು ಹೋಗಿ ಅಮ್ಮಾ, ನೋಡ್ತೀವಿ" ಅಂದರೆ "ಪರವಾಗಿಲ್ಲ, ಕಾಯ್ತೀನಿ" ಎಂದು ಬೆಂಚಿನ ಮೇಲೆ ಕೂತುಬಿಡಿ. ವಿಚಾರಣೆಗೆ ಕರೆದರೆ ಆ ಮೊಹರಿನ ಪ್ರತಿ ನಿಮ್ಮ ಚೀಲದಲ್ಲಿರಲಿ.

ನಿಮ್ಮ ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕೊಡಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯ ಮೇಲೆ ಪುರಸಭೆಗಳಲ್ಲಿ ಕನಿಷ್ಠ ಮೂರನೆಯ ಒಂದು ಪಾಲು ಸ್ಥಾನ ಹೆಂಗಸರದು. ನಿಮ್ಮ ಸದಸ್ಯೆಯೇ ಹೆಂಗಸಾಗಿದ್ದರೆ ಇನ್ನೂ ಸರಿ. ಅವರ ಬದಲು ಅವರ ಯಜಮಾನರೇ ಬಂದು ಮಾತಾಡುವ ರೂಢಿ ನಿಮ್ಮೂರಲ್ಲೂ ಇದ್ದರೆ, "ಅಕ್ಕಾವ್ರನ್ನೇ ನೋಡಬೇಕು" ಎಂದು ಹೇಳಿ ಕಾಯಿರಿ.

ಸದ್ದಿಗೂ ಲೆಕ್ಕವಿದೆ

ಗಲಾಟೆಯ ವಿಷಯದಲ್ಲಿ 2000ದಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ವ್ಯಾಪಾರದ ಪ್ರದೇಶವಾದರೆ ಹಗಲು 65, ರಾತ್ರಿ 55. ಇಬ್ಬರು ಎದುರುಬದುರು ಕೂತು ಮಾತಾಡಿದರೆ ಸುಮಾರು 60 ಆಗುತ್ತದೆ ಎಂದರೆ ನಿಮಗೆ ಅಂದಾಜು ಸಿಗುತ್ತದೆ. ಹಳದಿಯನ್ನು ನೀಲಿ ಮಾಡಿದಾಗ ನಿಮ್ಮ ನಿದ್ದೆಯ ಲೆಕ್ಕವೂ ಬದಲಾಗಬಹುದು ಎನ್ನುವುದನ್ನು ಗಮನಿಸಿ.

ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಿಗ್ಗೆ ಆರರ ತನಕ. ನಮ್ಮ ಮುಹೂರ್ತಗಳು ಎಷ್ಟೋ ಸಲ ಐದಕ್ಕೇ ಇರುತ್ತವಲ್ಲ? ಪುರೋಹಿತರ ಪಂಚಾಂಗದಲ್ಲಿ ಅದು ಬ್ರಾಹ್ಮೀ ಮುಹೂರ್ತವಾದರೂ ನಿಯಮದ ಪುಸ್ತಕದಲ್ಲಿ ಇನ್ನೂ ರಾತ್ರಿಯೇ! ಆ ವೇಳೆಯಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗೆ, ಒಳಗಿನವರಿಗಷ್ಟೇ ಕೇಳುವಂತೆ ಹಾಕಲು ವಿನಾಯಿತಿ ಇದೆ. ಅಂದಮೇಲೆ ಮಂಟಪದ ಸಭಾಂಗಣ ಮುಚ್ಚಿದ್ದೋ ತೆರೆದದ್ದೋ, ಸ್ಪೀಕರು ಒಳಗೋ ಹೊರಗೋ ಎಂದು ನಕಾಶೆ ಇರುವಾಗಲೇ ಕೇಳಬೇಕು. ಮದುವೆಯ ದಿನ ಹೋಗಿ ಕೇಳಿದರೆ ಹೆಣ್ಣಿನ ತಂದೆಯ ಮುಖ ನೋಡಲಾಗದೆ ನಾವೇ ಸುಮ್ಮನೆ ವಾಪಸು ಬರುತ್ತೇವೆ.

ಅರ್ಜಿ ಹಾಕಿದವಳು ನೀವೇ ಆದರೆ?

ಇಷ್ಟು ಹೊತ್ತು ಕಿಟಕಿಯ ಈಚೆಯಿಂದ ಮಾತಾಡಿದೆವು. ಇನ್ನು ಆಚೆಯಿಂದ ನೋಡೋಣ. ಹೀಗೊಂದು ಬೀದಿ ಅಂದುಕೊಳ್ಳಿ. ಗಂಡ ತೀರಿಹೋದ ಒಬ್ಬಾಕೆ, ಓದುವ ಇಬ್ಬರು ಮಕ್ಕಳು. ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಹಾಕಿ ರಾಗಿ, ಗೋಧಿ, ಖಾರದಪುಡಿ ಮಾಡಿಕೊಡುತ್ತೇನೆಂದು ಪುರಸಭೆಗೆ ಅರ್ಜಿ ಹಾಕಿದ್ದಾಳೆ. ಪಕ್ಕದ ಮನೆಯವರು ಬೇಡವೆಂದು ಬರೆದಿದ್ದಾರೆ. ಅವರ ಮನೆಯಲ್ಲಿ ಉಬ್ಬಸದ ಮಗು.

ಯಾರ ಪಕ್ಷ ವಹಿಸುತ್ತೀರಿ? ನನಗಂತೂ ಥಟ್ಟನೆ ಹೇಳಲಾಗಲಿಲ್ಲ. ಹಪ್ಪಳ, ಸಂಡಿಗೆ, ಹೋಳಿಗೆ, ಹೊಲಿಗೆ, ಟ್ಯೂಷನ್ನು ಎಂದು ಮನೆಯಲ್ಲೇ ನಾಲ್ಕು ಕಾಸು ಸಂಪಾದಿಸುವ ಓದುಗಿಯರು ಈ ಪುಟವನ್ನು ಓದುತ್ತಿದ್ದಾರೆ. ಮನೆಗಳ ಬೀದಿಯಲ್ಲಿ ಏನೂ ನಡೆಯಕೂಡದು ಎಂದು ಗಟ್ಟಿಯಾಗಿ ಕೂಗಿದರೆ ಮೊದಲು ಪೆಟ್ಟು ಬೀಳುವುದು ಇಂಥವರ ಹೊಟ್ಟೆಗೆ. ಮಂಟಪ ಕಟ್ಟುವ ಸಾಹುಕಾರ ಬೇರೆ ಕಡೆ ಸೈಟು ಕೊಳ್ಳಬಲ್ಲ, ಆಕೆಗೆ ಇರುವುದು ಅದೊಂದೇ ಕೋಣೆ. ಹಾಗೆಂದು ಮಗುವಿನ ಉಬ್ಬಸ ಸುಳ್ಳೆ? ಪಕ್ಕದಲ್ಲಿ ಒಣಮೆಣಸಿನಕಾಯಿ ಕುಟ್ಟಿಸಿದ ದಿನ ನಮ್ಮಂಥ ಗಟ್ಟಿಗಿತ್ತಿಯರೇ ಸೆರಗು ಮೂಗಿಗೆ ಹಿಡಿದು ಹಿತ್ತಲಿಗೆ ಓಡುತ್ತೇವೆ.

ಇಂಥ ಕಡೆ ಪರವಾನಗಿಗೆ ಷರತ್ತು ಹಾಕುವ ಅಧಿಕಾರ ಪುರಸಭೆಗೆ ಇರುವುದೇ ಒಳ್ಳೆಯದಾಯಿತು. ಮೊದಲು ವಲಯ ನಿಯಮ ನೋಡಬೇಕು. ಸಣ್ಣ ಸೇವಾ ಉದ್ದಿಮೆಗಳಿಗೆ ಮೋಟಾರಿನ ಶಕ್ತಿಯ ಮಿತಿ ಇಟ್ಟು ವಾಸದ ವಲಯದಲ್ಲಿ ಅವಕಾಶ ಕೊಡುವ ನಿಯಮಗಳಿವೆ. ಅವಕಾಶ ಇದೆಯೆಂದಾದರೆ ಮುಂದಿನದು ಹೇಗೆ ನಡೆಸಬೇಕೆಂಬ ಮಾತು. ಯಂತ್ರವನ್ನು ಇಬ್ಬರಿಗೂ ಸೇರಿದ ಗೋಡೆಗೆ ತಾಗಿಸದೆ, ಬೇರೆಯೇ ಕಾಂಕ್ರೀಟು ಕಟ್ಟೆಯ ಮೇಲೆ ದಪ್ಪ ರಬ್ಬರು ಹಾಸಿ ಕೂರಿಸಿದರೆ ಅದುರು ಎಷ್ಟೋ ಕಡಿಮೆ. ಹಿಟ್ಟಿನ ದೂಳನ್ನು ಚೀಲಕ್ಕೆ ಹಿಡಿಯಬೇಕು, ಹೊರಗೆ ಬಿಡುವ ಗಾಳಿ ಪಕ್ಕದ ಕಿಟಕಿಯ ಕಡೆ ಹೋಗದೆ ಚಾವಣಿಯ ಮೇಲಕ್ಕೆ ಹೋಗಬೇಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು, ಮಧ್ಯಾಹ್ನ ಒಂದು ಗಂಟೆ ಬಿಡುವು. ಮೆಣಸಿನಕಾಯಿಗೆ ವಾರದಲ್ಲಿ ಒಂದೇ ದಿನ, ಅದೂ ಮೊದಲೇ ಹೇಳಿ. ಅದೂ ಆಗದು, ಮಗುವಿಗೆ ತಡೆಯದು ಎಂದು ವೈದ್ಯರೇ ಹೇಳಿದ್ದರೆ ಖಾರದ ಯಂತ್ರವನ್ನೇ ಕೈಬಿಟ್ಟು ರಾಗಿ ಗೋಧಿಯಲ್ಲೇ ನಿಲ್ಲಬೇಕಾದೀತು. ಆಕೆಗೆ ನಷ್ಟವೇ ಸರಿ, ಖಾರದಪುಡಿಯಲ್ಲೇ ಲಾಭ ಹೆಚ್ಚು. ಇಬ್ಬರಿಗೂ ಪೂರ್ತಿ ಸಮಾಧಾನವಾಗುವ ತೀರ್ಮಾನ ಇದರಲ್ಲಿ ಇಲ್ಲ ಎಂದು ನನಗನ್ನಿಸುತ್ತದೆ.

ಷರತ್ತುಗಳು ಬಾಯಿಮಾತಿನಲ್ಲಿ ಉಳಿಯಬಾರದು. "ನಮ್ಮವರೇ ಅಲ್ವಾ" ಎಂದು ಬಿಟ್ಟರೆ ಆರು ತಿಂಗಳಿಗೆ ಆರು ಗಂಟೆ ಎಂಟಾಗುತ್ತದೆ. ಪರವಾನಗಿ ಪತ್ರದಲ್ಲೇ ಬರೆಸಬೇಕು. ಉದ್ದಿಮೆ ಪರವಾನಗಿ ಒಮ್ಮೆ ಕೊಟ್ಟರೆ ಶಾಶ್ವತವಲ್ಲ, ಅವಧಿ ಮುಗಿದಾಗ ನವೀಕರಿಸಬೇಕು. ಷರತ್ತು ಮುರಿದ ದಿನಗಳನ್ನು ಹಾಲಿನ ಲೆಕ್ಕದ ಹಾಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರೆ ಆಗ ತೋರಿಸಬಹುದು. ಅರ್ಜಿ ಹಾಕಿದಾಕೆಗೂ ಇದರಿಂದ ಅನುಕೂಲವೇ. ಷರತ್ತು ಪಾಲಿಸಿದ್ದೇನೆ ಎಂದು ಆಕೆ ಧೈರ್ಯವಾಗಿ ಹೇಳಬಹುದು, ದಿನಕ್ಕೊಂದು ತಕರಾರು ಕೇಳಬೇಕಾಗಿಲ್ಲ.

ಮಂಟಪಕ್ಕೂ ಇದೇ ಕಣ್ಣು ಬೇಕಲ್ಲವೆ? ನಮ್ಮ ಮಗಳ ಮದುವೆಗೆ ಹತ್ತಿರದಲ್ಲೇ ಒಳ್ಳೆಯ ಮಂಟಪ ಬೇಕು, ಆದರೆ ಅದು ಪಕ್ಕದ ಬೀದಿಯಲ್ಲಿರಬೇಕು ಎನ್ನುವುದು ನಮ್ಮೆಲ್ಲರ ಗುಟ್ಟಿನ ಆಸೆ. ಪಕ್ಕದ ಬೀದಿಯಲ್ಲೂ ಬಾಣಂತಿಯರಿದ್ದಾರೆ. ರಸ್ತೆ ಸಾಕಷ್ಟು ಅಗಲವಿದ್ದು, ವಾಹನಕ್ಕೆ ಒಳಗೇ ಜಾಗವಿದ್ದು, ಬಣ್ಣ ಒಪ್ಪುವ ಸ್ಥಳವಾದರೆ ಬರಲಿ. ಇಲ್ಲದಿದ್ದರೆ ಬೇಡವೆನ್ನಲು ಸಂಕೋಚವೂ ಬೇಡ. ಮದ್ಯದಂಗಡಿಯ ವಿಷಯ ಕೇಳಿ ಕೆಲವರು ಬರೆಯಬಹುದು. ಅದಕ್ಕೆ ಅಬಕಾರಿ ಇಲಾಖೆ, ಬೇರೆಯೇ ನಿಯಮ. ಅದನ್ನು ಇಲ್ಲಿ ಬೆರೆಸುವುದು ಬೇಡ, ಇನ್ನೊಮ್ಮೆ ಬರೆಯೋಣ.

ಸದ್ಯಕ್ಕೆ ಈ ವಾರದಲ್ಲಿ ಒಂದು ಬೆಳಿಗ್ಗೆ, ತರಕಾರಿಗೆ ಹೋದಾಗ ಹಾಗೇ ಪುರಸಭೆ ಕಚೇರಿಯ ಮೆಟ್ಟಿಲು ಹತ್ತಿ. ಜೊತೆಗೆ ಪಕ್ಕದ ಮನೆಯಾಕೆಯನ್ನೂ ಕರೆದುಕೊಳ್ಳಿ. "ನಮ್ಮ ಊರಿನ ಮಾಸ್ಟರ್ ಪ್ಲಾನು ನೋಡಬೇಕು, ಎಲ್ಲಿದೆ?" ಎಂದು ಕೇಳಿ. ಇಲ್ಲಿಲ್ಲ, ಪ್ರಾಧಿಕಾರದಲ್ಲಿದೆ ಅಂದರೆ ಅದು ಎಲ್ಲಿ, ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಅಲ್ಲೇ ಬರೆದುಕೊಳ್ಳಿ. ಗೋಡೆಗೆ ನೇತುಹಾಕಿದ ನಕಾಶೆಯಲ್ಲಿ ಮೊದಲು ಕೆರೆಯನ್ನೋ ಬಸ್ ನಿಲ್ದಾಣವನ್ನೋ ಹುಡುಕಿ, ಅಲ್ಲಿಂದ ಬೆರಳಿಟ್ಟುಕೊಂಡು ನಡೆದು ನಿಮ್ಮ ಬೀದಿಗೆ ಬನ್ನಿ. ಅಕ್ಷರ ಬಹಳ ಸಣ್ಣದು, ಕನ್ನಡಕ ಮರೆಯಬೇಡಿ.